ಎತ್ತರಿಸಿದ ಜೀಪು ಮತ್ತು ಪ್ರಯಾಣ ಸೌಖ್ಯ

ಎತ್ತಿನ ಗಾಡಿಯಲ್ಲಿ ಹತ್ತು ಮೈಲಿ ಪ್ರಯಾಣ ಮಾಡಿದವರಿಗೂ ಅದೇ ರಸ್ತೆಯಲ್ಲಿ ಜಟಕಾ ಬಂಡಿಯೇರಿ ಹೋದವರಿಗೂ ಆಗುವ ಅನುಭವ ಒಂದೇ ತೆರನಾದುದಲ್ಲ. ಗಾಡಿಯಲ್ಲಿ ಅಚ್ಚಿನ ಮೇಲೆ ಮರದ ಚೌಕಟ್ಟು ನೇರವಾಗಿ ಕುಳಿತಿರುವುದರಿಂದ ಚಕ್ರಕ್ಕೆ ತಗುಲಿದ ಪ್ರತಿಯೊಂದು ಕಲ್ಲಿನ ಪೆಟ್ಟೂ ಕುಳಿತವರ ಬೆನ್ನುಮೂಳೆಗೆ ಯಥಾವತ್ತಾಗಿ ತಲಪುತ್ತದೆ. ಜಟಕಾದಲ್ಲಾದರೋ ಅಚ್ಚಿಗೂ ಪೆಟ್ಟಿಗೆಗೂ ನಡುವೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುವುದರಿಂದ ಆ ಪೆಟ್ಟು ತಗ್ಗಿ, ಸಹಿಸಬಹುದಾದ ತೂಗಾಟವಾಗಿ ಮಾರ್ಪಡುತ್ತದೆ. ರಸ್ತೆ ಒಂದೇ, ಕಲ್ಲುಗಳೂ ಅವೇ. ವ್ಯತ್ಯಾಸವಿರುವುದು ನಡುವಣ ಉಕ್ಕಿನಲ್ಲಿ. ಇಂಗ್ಲೆಂಡಿನ ಒಬಡಯ ಎಲಿಯಟ್ ಎಂಬವನು 1804ರಲ್ಲಿ ಇಂತಹ ಸ್ಪ್ರಿಂಗುಗಳ ಮೇಲೆ ಕೂರಿಸಿದ ಸಾರೋಟಿಗೆ ಪೇಟೆಂಟ್ ಪಡೆದಂದಿನಿಂದ ಇಂದಿನವರೆಗೆ ವಾಹನ ಶಾಸ್ತ್ರಜ್ಞರು ಈ ನಡುವಣ ವಸ್ತುವನ್ನು ಕುರಿತು ಚಿಂತಿಸುತ್ತಲೇ ಬಂದಿದ್ದಾರೆ.

ದುರ್ಗಮ ಹಾದಿಯಲ್ಲಿ ಓಡಾಡುವ ಜೀಪುಗಳನ್ನು ಎತ್ತರಿಸುವ ರೂಢಿ ಈಚಿನ ದಶಕಗಳಲ್ಲಿ ನಮ್ಮಲ್ಲಿಯೂ ಬೆಳೆದಿದೆ. ಮಲೆನಾಡಿನ ತೋಟಗಳ ಕೊರಕಲು ಬಿದ್ದ ದಾರಿ, ಹಳ್ಳ ದಾಟುವ ಕಾಲುದಾರಿ, ಮಳೆಗಾಲದ ಕೆಸರು, ಇವುಗಳಲ್ಲಿ ವಾಹನದ ತಳ ಬಂಡೆಗೆ ತಾಗದಿರಲೆಂದೂ ದೊಡ್ಡ ಟೈರುಗಳಿಗೆ ಸ್ಥಳ ಸಿಗಲೆಂದೂ ಹೀಗೆ ಮಾಡುತ್ತಾರೆ. ಎತ್ತರವೇನೋ ಸಿದ್ಧಿಸುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದರೊಡನೆ ಎಲುಬು ಸಡಿಲಿಸುವ ಕುಲುಕಾಟವೂ ಬಂದು ಸೇರುತ್ತದೆ. ಎತ್ತರವಾದ ಮೇಲೆ ಕುಲುಕುವುದು ಸಹಜವೆಂದು ಮಾಲೀಕರು ಸಮಾಧಾನ ಹೇಳಿಕೊಳ್ಳುತ್ತಾರೆ. ಹಿಂಬದಿಯ ಬೆಂಚಿನಲ್ಲಿ ಕುಳಿತ ಮಕ್ಕಳು, ವೃದ್ಧರು, ಕೂಲಿಕಾರರು ಅದರ ಫಲವನ್ನು ಅನುಭವಿಸುತ್ತಾರೆ. ಈ ಸಮಾಧಾನವು ಸರಿಯಾದುದಲ್ಲವೆಂದೂ, ಎತ್ತರವೇ ಬೇರೆ, ಬಿಗುವೇ ಬೇರೆ ಎಂದೂ, ಎರಡನ್ನೂ ಬೇರ್ಪಡಿಸಿ ನೋಡಿದರೆ ಕುಲುಕಾಟವನ್ನು ಬಹುಮಟ್ಟಿಗೆ ಕಳೆಯಬಹುದೆಂದೂ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಯಾಣ ಸೌಖ್ಯದ ಅಳತೆ

ಸುಖವೆಂಬುದು ಮನಸ್ಸಿಗೆ ಸಂಬಂಧಿಸಿದ್ದಾದರೂ ವಾಹನದ ಸುಖವನ್ನು ಅಂಕಿಗಳಲ್ಲಿ ಅಳೆಯಲು ಸಾಧ್ಯವಿದೆ. ಸ್ಪ್ರಿಂಗಿನ ಮೇಲೆ ಕುಳಿತ ಯಾವುದೇ ಭಾರವನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಇಂತಿಷ್ಟು ಸಲ ಎಂಬ ಲೆಕ್ಕದಲ್ಲಿ ಮೇಲೆ ಕೆಳಗೆ ಆಡುತ್ತದೆ. ಇದೇ ಅದರ ಸ್ವಾಭಾವಿಕ ಆವರ್ತಾಂಕ. ಸುಖಕರವಾದ ಮೋಟಾರು ಕಾರುಗಳಲ್ಲಿ ಇದು ಸೆಕೆಂಡಿಗೆ 1ರಿಂದ 1.5ರಷ್ಟು ಇರುತ್ತದೆ. 2ನ್ನು ಮೀರಿದರೆ ವಾಹನವು ಒರಟೆನಿಸುತ್ತದೆ.

ಮನುಷ್ಯ ದೇಹಕ್ಕೂ ತನ್ನದೇ ಆದ ಆವರ್ತಾಂಕಗಳಿವೆ. ಕುಳಿತ ವ್ಯಕ್ತಿಯ ಮುಂಡಭಾಗವು ಸೆಕೆಂಡಿಗೆ 4ರಿಂದ 8 ಬಾರಿ ಆಗುವ ಮೇಲುಕೆಳಗಿನ ಕಂಪನಕ್ಕೆ ಅತ್ಯಂತ ಬೇಗ ಸ್ಪಂದಿಸುತ್ತದೆ. 1974ರಲ್ಲಿ ಪ್ರಕಟವಾದ 2631 ಸಂಖ್ಯೆಯ ಅಂತಾರಾಷ್ಟ್ರೀಯ ಮಾನಕವು ಈ ವ್ಯಾಪ್ತಿಯನ್ನೇ ದೇಹವು ಅತಿ ಕಡಿಮೆ ಸಹಿಸುವ ವ್ಯಾಪ್ತಿಯೆಂದು ಗುರುತಿಸಿತು. ದಿನವೂ ಇಂತಹ ಕಂಪನಕ್ಕೆ ಒಳಗಾಗುವ ಚಾಲಕರಲ್ಲಿ ಸೊಂಟನೋವು ಹೆಚ್ಚೆಂಬುದು ವೈದ್ಯರು ಬಲ್ಲ ವಿಷಯ. ಐರೋಪ್ಯ ಒಕ್ಕೂಟವು 2002ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಎಂಟು ಗಂಟೆಗಳ ದುಡಿಮೆಯ ದಿನಕ್ಕೆ ಇಡೀ ದೇಹದ ಕಂಪನದ ಮಿತಿಯನ್ನೂ ನಿಗದಿಪಡಿಸಿದೆ. ಆದುದರಿಂದ ಕುಲುಕಾಟವನ್ನು ಕಡಿಮೆ ಮಾಡುವುದು ಕೇವಲ ಶೋಕಿಯ ವಿಷಯವಲ್ಲ. ಅದು ಆರೋಗ್ಯದ ಪ್ರಶ್ನೆ. ಇದಲ್ಲದೆ, ಚಕ್ರವು ನೆಲ ಬಿಟ್ಟು ಹಾರುವಷ್ಟು ಕಾಲ ಬ್ರೇಕೂ ಸ್ಟೀರಿಂಗೂ ನಿರುಪಯುಕ್ತವಾಗುವುದರಿಂದ ಅದು ಸುರಕ್ಷತೆಯ ಪ್ರಶ್ನೆಯೂ ಹೌದು.

ಆವರ್ತಾಂಕವನ್ನು ತಿಳಿಯಲು ಪ್ರೌಢಶಾಲೆಯ ಗಣಿತವೇ ಸಾಕು. ವಾಹನದ ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗುತ್ತದೆಯೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ ಬರುವುದೇ ಆವರ್ತಾಂಕ. ಭಾರದಿಂದ 16 ಸೆಂಟಿಮೀಟರ್ ತಗ್ಗುವ ಸ್ಪ್ರಿಂಗಿನ ಆವರ್ತಾಂಕ 1.25; 10 ಸೆಂಟಿಮೀಟರ್ ತಗ್ಗುವುದರದು ಸುಮಾರು 1.6, ಕೇವಲ 4 ಸೆಂಟಿಮೀಟರ್ ತಗ್ಗುವುದರದು 2.5. ವಾಚಕರು ಈ ಸರಳ ಸೂತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದಿನ ವಿವೇಚನೆಯೆಲ್ಲ ಇದರ ಮೇಲೆಯೇ ನಿಂತಿದೆ.

ಜೀಪಿನ ತಳದ ರಚನೆ

ನಿದರ್ಶನಕ್ಕಾಗಿ ಮಾರುತಿ ಜಿಪ್ಸಿಯನ್ನು ತೆಗೆದುಕೊಳ್ಳೋಣ. ಜಪಾನಿನ ಸುಜುಕಿ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ 1985ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದು, ಮೂರು ದಶಕಗಳಿಗೂ ಮಿಕ್ಕಿ ತಯಾರಾದ ಈ ವಾಹನವನ್ನು ಸೈನ್ಯ, ಪೊಲೀಸ್, ಅರಣ್ಯ ಇಲಾಖೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಇದರ ಮುಂದೆ ಒಂದು, ಹಿಂದೆ ಒಂದು ಇಡಿಯಾದ ಆಕ್ಸಲ್; ನಾಲ್ಕು ಮೂಲೆಗಳಲ್ಲಿ ನಾಲ್ಕು ಪಟ್ಟಿ ಸ್ಪ್ರಿಂಗುಗಳು. 1941ರ ಅಮೆರಿಕದ ಯುದ್ಧಕಾಲದ ಜೀಪಿನಲ್ಲಿಯೂ ಇದೇ ಏರ್ಪಾಡಿತ್ತು. ಗಟ್ಟಿಮುಟ್ಟಾದ, ಹಳ್ಳಿಯ ಕಮ್ಮಾರನೂ ರಿಪೇರಿ ಮಾಡಬಲ್ಲ ರಚನೆ ಇದು.

ಒಂದೊಂದು ಸ್ಪ್ರಿಂಗಿನಲ್ಲಿ ಬಿಲ್ಲಿನಂತೆ ಬಾಗಿದ ಹಲವು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ನಡುವೆ ಬೋಲ್ಟಿನಿಂದ ಬಿಗಿದಿರುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ಇವು ಪ್ಲೇಟುಗಳು. ಎಲ್ಲಕ್ಕೂ ಉದ್ದವಾದದ್ದು ಮೇನ್ ಪ್ಲೇಟು. ಅದರ ಒಂದು ತುದಿಯ ಕಣ್ಣು ಚಾಸಿಗೆ ನೇರವಾಗಿ ಸೇರಿದ್ದರೆ, ಇನ್ನೊಂದು ತುದಿಯು ಷ್ಯಾಕಲ್ ಎಂಬ ತೂಗಾಡುವ ಕೊಂಡಿಯ ಮೂಲಕ ಸೇರಿರುತ್ತದೆ. ಸ್ಪ್ರಿಂಗು ತಗ್ಗಿ ನೆಟ್ಟಗಾದಾಗ ಅದರ ಉದ್ದ ಹೆಚ್ಚುತ್ತದಷ್ಟೆ. ಆ ಹೆಚ್ಚಳಕ್ಕೆ ದಾರಿ ಬಿಡುವುದೇ ಷ್ಯಾಕಲಿನ ಕೆಲಸ. ಆಕ್ಸಲ್ಲಿಗೂ ಚಾಸಿಗೂ ನಡುವೆ ಶಾಕ್ ಅಬ್ಸಾರ್ಬರ್ ಇದ್ದು, ಅದು ಆಂದೋಲನವನ್ನು ಶಮನಗೊಳಿಸುತ್ತದೆ. ಆಕ್ಸಲ್ ಮೇಲೇರಿ ಚಾಸಿಗೆ ಬಡಿಯದಂತೆ ತಡೆಯಲು ಬಂಪ್ ರಬ್ಬರು ಇರುತ್ತದೆ.

ಇಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಚಾಸಿ, ಬಾಡಿ, ಎಂಜಿನ್, ಪ್ರಯಾಣಿಕರು ಇವೆಲ್ಲ ಸ್ಪ್ರಿಂಗಿನ ಮೇಲಿನ ಭಾರ. ಚಕ್ರ, ಟೈರು, ಆಕ್ಸಲ್ ಇವು ಸ್ಪ್ರಿಂಗಿನ ಕೆಳಗಿನ ಭಾರ. ಕೆಳಗಿನ ಭಾರ ಹೆಚ್ಚಿದಷ್ಟೂ ಉಬ್ಬಿಗೆ ಬಡಿದ ಚಕ್ರದ ಎಗರಾಟವನ್ನು ಸ್ಪ್ರಿಂಗೂ ಶಾಕೂ ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ.

ಎತ್ತರಿಸುವ ಬಗೆಗಳೂ ಅವುಗಳ ಪರಿಣಾಮಗಳೂ

ಅತ್ಯಂತ ಪ್ರಚಲಿತವಾದ, ಅತ್ಯಂತ ಅಗ್ಗದ ಬಗೆಯೆಂದರೆ ಕಟ್ಟಿಗೆ ಇನ್ನೊಂದೆರಡು ಪ್ಲೇಟುಗಳನ್ನು ಸೇರಿಸುವುದು ಅಥವಾ ದಪ್ಪ ಪ್ಲೇಟುಗಳನ್ನು ಹಾಕಿಸುವುದು. ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ತಗ್ಗಿಸಲು ಬೇಕಾಗುವ ಭಾರವನ್ನು ಅದರ ಬಿಗುವು ಎನ್ನೋಣ. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿಲಿಮೀಟರಿನ ಪಟ್ಟಿಯ ಬದಲು 7 ಮಿಲಿಮೀಟರಿನದನ್ನು ಹಾಕಿದರೆ ದಪ್ಪದ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಬಿಗುವು ಶೇಕಡಾ 59ರಷ್ಟು ಹೆಚ್ಚುತ್ತದೆ.

ಈ ಬಗೆಯಲ್ಲಿ ಎತ್ತರ ಹೇಗೆ ಬರುತ್ತದೆ? ಮೊದಲು ಭಾರದಿಂದ 10 ಸೆಂಟಿಮೀಟರ್ ತಗ್ಗುತ್ತಿದ್ದ ಸ್ಪ್ರಿಂಗು ಈಗ 5 ಸೆಂಟಿಮೀಟರ್ ಮಾತ್ರ ತಗ್ಗುವುದರಿಂದ ವಾಹನ 5 ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ. ಬಿಗುವು ಇಮ್ಮಡಿಯಾಗಿದೆ. ಆವರ್ತಾಂಕವು ನಮ್ಮ ಸೂತ್ರದಂತೆ 1.6ರಿಂದ 2.2ಕ್ಕೆ ಏರಿದೆ. ಮಾಲೀಕನಿಗೆ ಬೇಕಾಗಿದ್ದುದು ಎತ್ತರ; ಅವನು ಹಣ ಕೊಟ್ಟು ಕೊಂಡದ್ದು ಬಿಗುವನ್ನು. ಎತ್ತರವು ಅದರ ಉಪಫಲ ಮಾತ್ರ. ಕುಲುಕಾಟದ ಮೂಲ ಇರುವುದು ಇಲ್ಲಿಯೇ.

ಎರಡನೆಯದು, ಬಿಗುವನ್ನು ಬದಲಿಸದೆ ಪಟ್ಟಿಗಳ ಬಾಗನ್ನು ಹೆಚ್ಚಿಸುವುದು. ಭಾರದಿಂದ ಮೊದಲಿನಷ್ಟೇ ತಗ್ಗುವ, ಆದರೆ ಹೆಚ್ಚು ಬಾಗಿರುವ ಸ್ಪ್ರಿಂಗು ವಾಹನವನ್ನು ಎತ್ತರದಲ್ಲಿ ನಿಲ್ಲಿಸಿಯೂ ಮೊದಲಿನ ಮೃದುತ್ವವನ್ನೇ ಉಳಿಸಿಕೊಡುತ್ತದೆ. ತತ್ತ್ವದ ದೃಷ್ಟಿಯಿಂದ ಇದೇ ಸರಿಯಾದ ಮಾರ್ಗ. ಆದರೆ ಬಾಗು ಮಿತಿಮೀರಿದರೆ ಷ್ಯಾಕಲ್ ತಪ್ಪು ಕೋನದಲ್ಲಿ ನಿಂತು, ಸ್ಪ್ರಿಂಗು ನೆಟ್ಟಗಾಗುವಾಗ ಅದನ್ನು ಸಲೀಸಾಗಿ ಬಿಡದೆ ತಡೆಯುತ್ತದೆ. ಆಗ ಮೃದುವಾದ ಸ್ಪ್ರಿಂಗೂ ಬಿಗಿಯಾದುದರಂತೆ ವರ್ತಿಸುತ್ತದೆ.

ಮೂರನೆಯದು, ಉದ್ದವಾದ ಷ್ಯಾಕಲ್ ಹಾಕುವುದು. ಇದರಿಂದ ಬರುವ ಎತ್ತರವು ಷ್ಯಾಕಲ್ ಉದ್ದದಲ್ಲಾದ ಹೆಚ್ಚಳದ ಅರ್ಧದಷ್ಟು ಮಾತ್ರ. ಜೊತೆಗೆ ಆಕ್ಸಲ್ ತುಸು ತಿರುಚಿಕೊಳ್ಳುತ್ತದೆ. ಜಿಪ್ಸಿಯಲ್ಲಿ ಮುಂಬದಿಯ ಷ್ಯಾಕಲ್ ಸ್ಪ್ರಿಂಗಿನ ಮುಂದುತುದಿಯಲ್ಲಿರುವುದರಿಂದ, ಅದನ್ನು ಉದ್ದ ಮಾಡಿದಷ್ಟೂ ಚಕ್ರಗಳನ್ನು ನೆಟ್ಟಗೆ ನಡೆಸುವ ಕ್ಯಾಸ್ಟರ್ ಕೋನ ಕಡಿಮೆಯಾಗಿ, ವೇಗದಲ್ಲಿ ಸ್ಟೀರಿಂಗ್ ಅಲೆದಾಡತೊಡಗುತ್ತದೆ.

ನಾಲ್ಕನೆಯದು, ಆಕ್ಸಲ್ಲಿನ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲಕ್ಕೆ ವರ್ಗಾಯಿಸುವುದು. ಹೆಚ್ಚಿನ ಎತ್ತರ ಸಿಗುತ್ತದೆ, ಮೃದುತ್ವವೂ ಉಳಿಯುತ್ತದೆ. ಆದರೆ ಎಂಜಿನ್ನಿನ ಬಲಕ್ಕೆ ಆಕ್ಸಲ್ ತಿರುಚಿಕೊಂಡು ಪಟ್ಟಿಗಳನ್ನು ಬಳುಕಿಸುವುದೂ, ಸ್ಟೀರಿಂಗಿನ ಕಡ್ಡಿಗಳ ಕೋನ ಕೆಡುವುದೂ ಇದರ ದೋಷಗಳು. ಇದು ನುರಿತ ಕಾರ್ಖಾನೆಯ ಕೆಲಸವೇ ಹೊರತು ರಸ್ತೆಬದಿಯ ಪ್ರಯೋಗವಲ್ಲ.

ಮೊದಲು ಪರೀಕ್ಷೆ, ಬಳಿಕ ಚಿಕಿತ್ಸೆ

ವಾಹನ ಒರಟಾಗಿದೆ ಎಂದೊಡನೆ ಹೊಸ ಶಾಕ್ ಅಬ್ಸಾರ್ಬರ್ ಕೊಳ್ಳಲು ಹೊರಡುವುದು ಜ್ವರದ ಕಾರಣ ತಿಳಿಯದೆ ಔಷಧ ಕುಡಿದಂತೆ. ಒರಟುತನದಲ್ಲಿ ಬಗೆಗಳಿವೆ. ಸಣ್ಣ ಜಲ್ಲಿಯ ಮೇಲೆ ಹೋದರೂ ಚುರುಚುರು ನಡುಗುವುದು ಒಂದು ಬಗೆ. ಇದಕ್ಕೆ ಟೈರಿನ ಗಾಳಿ ಮತ್ತು ಪಟ್ಟಿಗಳ ಘರ್ಷಣೆ ಕಾರಣ. ಹಳ್ಳಕ್ಕಿಳಿದಾಗ ಧಡ್ ಎಂದು ಬಡಿಯುವುದು ಇನ್ನೊಂದು. ಇದು ಬಂಪ್ ರಬ್ಬರಿನದೋ ಶಾಕ್ ಪೂರ್ತಿ ಮುಚ್ಚಿಕೊಂಡದ್ದರದೋ ಸದ್ದು. ಉಬ್ಬು ದಾಟಿದ ಮೇಲೂ ದೋಣಿಯಂತೆ ತೂಗುತ್ತಿರುವುದು ಮೂರನೆಯದು; ಶಾಕ್ ಸೋತಿರುವುದರ ಲಕ್ಷಣ. ಉಬ್ಬಿಗೂ ತಗ್ಗಿಗೂ ಒಂದೇ ಸಮನೆ ಎಗರೆಗರಿ ಬೀಳುವುದು ನಾಲ್ಕನೆಯದು. ಇದು ಸ್ಪ್ರಿಂಗಿನ ಅತಿ ಬಿಗುವು.

ಬಂಪ್ ರಬ್ಬರು ಬಡಿಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಹಸಿ ಜೇಡಿಮಣ್ಣಿನ ಒಂದು ಉಂಡೆಯನ್ನು ಮೆತ್ತಿ ಎಂದಿನ ಹಾದಿಯಲ್ಲಿ ಒಮ್ಮೆ ಹೋಗಿಬಂದರೆ ಸಾಕು. ಉಂಡೆ ಚಪ್ಪಟೆಯಾಗಿದ್ದರೆ ಆಕ್ಸಲ್ ಅಲ್ಲಿಯವರೆಗೆ ಏರಿದೆಯೆಂದು ಅರ್ಥ. ಅದು ಹಾಗೆಯೇ ಇದ್ದೂ ವಾಹನ ಎಗರುತ್ತಿದ್ದರೆ ದೋಷ ಸ್ಪ್ರಿಂಗಿನಲ್ಲಿದೆ. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯಿಂದ ಎಷ್ಟೋ ಅನಾವಶ್ಯಕ ಖರೀದಿ ತಪ್ಪುತ್ತದೆ.

ಟೈರು ಮತ್ತು ಗಾಳಿ

ಟೈರು ಕೂಡ ಒಂದು ಸ್ಪ್ರಿಂಗೇ. ಅದರ ಬಿಗುವು ಒಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ದೊಡ್ಡ ಟೈರು ಹಾಕಿಸಿದ ಮೇಲೂ ಹಳೆಯ ಟೈರಿನ ಒತ್ತಡವನ್ನೇ ತುಂಬಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದೇ ಭಾರವನ್ನು ಹೊರಲು ಹೆಚ್ಚು ಗಾಳಿ ಹಿಡಿಯುವ ದೊಡ್ಡ ಟೈರಿಗೆ ಕಡಿಮೆ ಒತ್ತಡ ಸಾಕಾಗುತ್ತದೆ.

ಸರಿಯಾದ ಒತ್ತಡವನ್ನು ಕಂಡುಕೊಳ್ಳಲು ಶಾಲೆಯ ಸೀಮೆಸುಣ್ಣದ ಒಂದು ತುಂಡು ಬೇಕು. ಟೈರಿನ ಮೇಲ್ಮೈಗೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಬೇಕು. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಉದ್ದಕ್ಕೂ ಸಮನಾಗಿ ಅಳಿಸಿದ್ದರೆ ಸರಿ. ಟೈರು ತಯಾರಕರು ಆ ಭಾರಕ್ಕೆ ಹೇಳಿದ ಕನಿಷ್ಠ ಮಿತಿಗಿಂತ ಕೆಳಗೆ ಮಾತ್ರ ಇಳಿಯಬಾರದು. ಕಲ್ಲುಹಾದಿಯಲ್ಲಿ ನಿಧಾನವಾಗಿ ಸಾಗುವಾಗ ಇನ್ನಷ್ಟು ಗಾಳಿ ಬಿಟ್ಟರೆ ಟೈರು ಕಲ್ಲಿನ ಆಕಾರಕ್ಕೆ ಹೊಂದಿಕೊಂಡು ಕುಲುಕಾಟವನ್ನು ತಾನೇ ನುಂಗಿಕೊಳ್ಳುತ್ತದೆ. ಹೆದ್ದಾರಿಗೆ ಬರುವ ಮುನ್ನ ಮರಳಿ ತುಂಬಿಸುವುದು ಕಡ್ಡಾಯ. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಕಾಯ್ದು ಒಡೆಯುವ ಅಪಾಯವುಂಟು.

ಟೈರಿನ ತೂಕವನ್ನೂ ಉಪೇಕ್ಷಿಸಲಾಗದು. ನೆಲದ ಮೇಲೆ ಓಡುವ ಟೈರುಗಳು ಸ್ಪ್ರಿಂಗಿನ ಕೆಳಗಿನ ಭಾರವೇ. ನೋಟಕ್ಕಾಗಿ ಬೇಕಾದುದಕ್ಕಿಂತ ದೊಡ್ಡ ಟೈರು ಹಾಕಿ, ಅನಂತರ ಕುಲುಕಾಟಕ್ಕೆ ಔಷಧ ಹುಡುಕುವುದು ವಿವೇಕವಲ್ಲ.

ಪಟ್ಟಿಗಳ ನಡುವಣ ಘರ್ಷಣೆ

ಸ್ಪ್ರಿಂಗು ಬಾಗುವಾಗ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಮಳೆ, ಕೆಸರು, ತುಕ್ಕುಗಳಿಂದ ಅವು ಅಂಟಿಕೊಂಡಾಗ ಸಣ್ಣ ಪೆಟ್ಟುಗಳಿಗೆ ಸ್ಪ್ರಿಂಗು ಬಾಗುವುದೇ ಇಲ್ಲ. ಇಡೀ ಕಟ್ಟು ಒಂದೇ ಕಬ್ಬಿಣದ ತುಂಡಿನಂತಾಗುತ್ತದೆ. ಹೀಗಾಗಿ ಹಳೆಯ ಜೀಪಿನಲ್ಲಿ ದೊಡ್ಡ ಗುಂಡಿಗಿಂತ ಸಣ್ಣ ಜಲ್ಲಿಯೇ ಹೆಚ್ಚು ಕಾಡುವುದುಂಟು. ಕಟ್ಟನ್ನು ಬಿಚ್ಚಿ, ಪ್ರತಿ ಪಟ್ಟಿಯ ತುಕ್ಕನ್ನು ಉಜ್ಜಿ ತೆಗೆದು, ಕೆಳಗಿನ ಪಟ್ಟಿಗಳ ತುದಿಯ ಚೂಪಾದ ಅಂಚುಗಳನ್ನು ಅರದಿಂದ ನಯಗೊಳಿಸಿ, ಗ್ರ್ಯಾಫೈಟ್ ಗ್ರೀಸ್ ಸವರಿ ಮತ್ತೆ ಜೋಡಿಸಿದರೆ ಹೊಸ ಸ್ಪ್ರಿಂಗು ಹಾಕಿದಷ್ಟು ಬದಲಾವಣೆ ಕಾಣುತ್ತದೆ. ಪಟ್ಟಿಗಳ ತುದಿಯಲ್ಲಿ ಜಾರುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಇಡುವುದೂ ಒಳ್ಳೆಯ ಕ್ರಮ. ಪಟ್ಟಿಗಳನ್ನು ಹಿಡಿದಿಡುವ ಕ್ಲಿಪ್ಪುಗಳು ಅವನ್ನು ಅದುಮಿ ಹಿಡಿಯದೆ, ಜಾರಲು ಬಿಡುವಷ್ಟು ಸಡಿಲವಾಗಿರಬೇಕು.

ಬುಷ್‌ಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ವಾಹನವನ್ನು ಜ್ಯಾಕ್ ಮೇಲೆ ಎತ್ತಿ ಆಕ್ಸಲ್ ಜೋತಾಡುತ್ತಿರುವಾಗ ಬೋಲ್ಟುಗಳನ್ನು ಬಿಗಿದರೆ, ಕೆಳಗಿಳಿಸಿದೊಡನೆ ರಬ್ಬರು ತಿರುಚಿಕೊಂಡ ಸ್ಥಿತಿಯಲ್ಲಿಯೇ ಉಳಿದು ಸ್ಪ್ರಿಂಗಿನ ಚಲನೆಗೆ ಅಡ್ಡಿಯಾಗುತ್ತದೆ. ಬೇಗ ಹರಿದೂ ಹೋಗುತ್ತದೆ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ವಾಹನವನ್ನು ನೆಲಕ್ಕಿಳಿಸಿ, ಎಂದಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿತವನ್ನು ಕೊಡಬೇಕು. ಈ ಒಂದು ನಿಯಮವನ್ನು ಪಾಲಿಸದ ಕಾರಣ ಒಳ್ಳೆಯ ಸ್ಪ್ರಿಂಗುಗಳಿಗೂ ಕೆಟ್ಟ ಹೆಸರು ಬಂದಿರುವುದುಂಟು.

ಬಿಗುವನ್ನು ತಗ್ಗಿಸುವ ಕ್ರಮ

ಮೇಲಿನ ಎರಡು ಉಪಾಯಗಳಿಂದಲೂ ಎಗರಾಟ ನಿಲ್ಲದಿದ್ದರೆ ಸ್ಪ್ರಿಂಗಿಗೆ ಕೈಹಾಕಬೇಕು. ಜೀಪಿನ ಹಿಂಬದಿಯ ಸ್ಪ್ರಿಂಗನ್ನು ತುಂಬಿದ ಭಾರಕ್ಕೆ ತಕ್ಕಂತೆ ರೂಪಿಸಿರುತ್ತಾರೆ. ಅದರಲ್ಲಿ ಒಬ್ಬಿಬ್ಬರು ಮಾತ್ರ ಓಡಾಡುವಾಗ ಕುಲುಕಾಟ ಅನಿವಾರ್ಯ. ಆದುದರಿಂದ ವಾಹನವು ನಿತ್ಯ ಹೊರುವ ಭಾರವೆಷ್ಟೆಂಬುದನ್ನು ಮಾಲೀಕನು ಪ್ರಾಮಾಣಿಕವಾಗಿ ನಿರ್ಧರಿಸಬೇಕು. ಗೊಬ್ಬರದ ಮೂಟೆ ಹೊರುವ ಜೀಪಿಗೂ ವಾರಕ್ಕೊಮ್ಮೆ ಬೆಟ್ಟ ಹತ್ತುವ ಜೀಪಿಗೂ ಒಂದೇ ಸ್ಪ್ರಿಂಗು ಸಲ್ಲದು.

ಕೆಲವರು ಕಟ್ಟಿನಿಂದ ಒಂದು ಪ್ಲೇಟನ್ನು ತೆಗೆಸುತ್ತಾರೆ. ಬಿಗುವು ತಗ್ಗುವುದು ನಿಜ. ಆದರೆ ಉಳಿದ ಪ್ಲೇಟುಗಳ ಮೇಲಿನ ಒತ್ತಡ ಹೆಚ್ಚಿ ಅವು ಮುರಿಯುವ ಸಂಭವವೂ, ಎತ್ತರ ಕಡಿಮೆಯಾಗುವ ಸಂಭವವೂ ಇದೆ. ಮೇನ್ ಪ್ಲೇಟನ್ನೂ ಅದಕ್ಕೆ ಆಸರೆಯಾದ ಎರಡನೆಯದನ್ನೂ ಯಾವ ಕಾರಣಕ್ಕೂ ಮುಟ್ಟಕೂಡದು.

ಇದಕ್ಕಿಂತ ಉತ್ತಮವಾದುದು ಪ್ಯಾರಾಬೋಲಿಕ್ ಸ್ಪ್ರಿಂಗು. ಇದರಲ್ಲಿ ಪ್ರತಿ ಪಟ್ಟಿಯೂ ನಡುವೆ ದಪ್ಪವಾಗಿದ್ದು ತುದಿಯೆಡೆಗೆ ಪರವಲಯದ ನಿಯಮದಂತೆ ಕ್ರಮೇಣ ತೆಳುವಾಗುತ್ತದೆ. ಬಾಗುವ ಬಲವು ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ. ಉಕ್ಕನ್ನೂ ಅದಕ್ಕೆ ಸರಿಯಾಗಿ ಹಂಚಿದಂತಾಯಿತು. ಹೀಗಾಗಿ ಏಳೆಂಟು ಪಟ್ಟಿಗಳ ಕೆಲಸವನ್ನು ಎರಡು ಮೂರು ಪಟ್ಟಿಗಳೇ ಮಾಡುತ್ತವೆ. ಅವು ನಡುವೆ ಮತ್ತು ತುದಿಗಳಲ್ಲಿ ಮಾತ್ರ ತಾಗುವುದರಿಂದ ಘರ್ಷಣೆ ಅತ್ಯಲ್ಪ, ತೂಕವೂ ಕಡಿಮೆ. ಆದರೆ ಹಳೆಯ ಕಟ್ಟಿನ ಘರ್ಷಣೆಯು ತನಗೆ ತಿಳಿಯದೆಯೇ ಶಾಕ್ ಅಬ್ಸಾರ್ಬರಿನ ಕೆಲಸದ ಒಂದು ಪಾಲನ್ನು ಮಾಡುತ್ತಿತ್ತೆಂಬುದನ್ನು ಮರೆಯಬಾರದು. ಪ್ಯಾರಾಬೋಲಿಕ್ ಹಾಕಿ ಹಳೆಯ ಶಾಕನ್ನೇ ಉಳಿಸಿದರೆ ವಾಹನ ತೊಟ್ಟಿಲಾಗುತ್ತದೆ.

ಶಾಕ್ ಅಬ್ಸಾರ್ಬರಿನ ಪಾತ್ರ

ಹೆಸರು ಏನೇ ಇರಲಿ, ಪೆಟ್ಟನ್ನು ಹೀರುವುದು ಸ್ಪ್ರಿಂಗು. ಅದರಲ್ಲಿ ಶೇಖರವಾದ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಪರಿವರ್ತಿಸಿ ಆಂದೋಲನವನ್ನು ನಿಲ್ಲಿಸುವುದು ಶಾಕ್. ಆಂದೋಲನವೇ ಇಲ್ಲದಂತೆ ತಡೆಯುವ ಪ್ರಮಾಣವೊಂದಿದೆ. ಸೌಖ್ಯಕ್ಕೆ ಬೇಕಾದುದು ಅದರ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಬಿಗಿಯಾದ ಸ್ಪ್ರಿಂಗಿನ ಕುಲುಕಾಟವನ್ನು ಇನ್ನೂ ಬಿಗಿಯಾದ ಶಾಕಿನಿಂದ ಅಡಗಿಸಲು ಹೋದರೆ ಪ್ರತಿಯೊಂದು ಕಲ್ಲೂ ಶಾಕಿನ ಮೂಲಕವೇ ಚಾಸಿಯನ್ನು ತಲಪುತ್ತದೆ.

ಎತ್ತರಿಸಿದ ವಾಹನದಲ್ಲಿ ಶಾಕಿನ ಉದ್ದವು ಅದರ ಬಿಗಿತದಷ್ಟೇ ಮುಖ್ಯ. ಹಳೆಯ ಶಾಕನ್ನೇ ಬಿಟ್ಟರೆ ಅದು ಈಗಾಗಲೇ ಬಹುಪಾಲು ಚಾಚಿಕೊಂಡು ನಿಂತಿರುತ್ತದೆ. ಚಕ್ರ ಗುಂಡಿಗಿಳಿದೊಡನೆ ಅದು ಕೊನೆಮುಟ್ಟಿ ಜಗ್ಗುತ್ತದೆ. ಒಳಗೆ ಕುಳಿತವರಿಗೆ ಯಾರೋ ಕೆಳಗಿನಿಂದ ಎಳೆದಂತೆ ಭಾಸವಾಗುತ್ತದೆ. ತೀರ ಉದ್ದನೆಯ ಶಾಕ್ ಹಾಕಿದರೆ ಬಂಪ್ ರಬ್ಬರಿಗೆ ಮೊದಲೇ ಅದು ಪೂರ್ತಿ ಮುಚ್ಚಿಕೊಂಡು ಒಡೆಯುತ್ತದೆ. ಅಳತೆ ತೆಗೆಯುವ ಕ್ರಮ ಹೀಗೆ: ಆಕ್ಸಲ್ ಬಂಪ್ ರಬ್ಬರನ್ನು ಅದುಮಿದ ಸ್ಥಿತಿಯಲ್ಲಿ ಶಾಕಿನ ಎರಡು ಹಿಡಿಕೆಗಳ ಅಂತರ, ಆಕ್ಸಲ್ ಪೂರ್ತಿ ಜೋತಾಡುವಾಗಿನ ಅಂತರ, ಎರಡನ್ನೂ ಬರೆದುಕೊಳ್ಳಬೇಕು. ಮುಚ್ಚಿದಾಗ ಮೊದಲನೆಯದಕ್ಕಿಂತ ತುಸು ಗಿಡ್ಡವೂ, ಚಾಚಿದಾಗ ಎರಡನೆಯದಕ್ಕಿಂತ ತುಸು ಉದ್ದವೂ ಆದ ಶಾಕೇ ಸರಿಯಾದುದು. ಎರಡೂ ಒಂದರಲ್ಲಿ ದೊರೆಯದಿದ್ದರೆ ಬಂಪ್ ರಬ್ಬರನ್ನು ತಕ್ಕಷ್ಟು ಕೆಳಗಿಳಿಸಬೇಕು.

ಶಾಕ್ ನಿಲ್ಲುವ ಕೋನವನ್ನೂ ಪರೀಕ್ಷಿಸಬೇಕು. ನೆಟ್ಟಗಿದ್ದಾಗ ಅದರ ಪರಿಣಾಮ ಪೂರ್ಣ. 30 ಡಿಗ್ರಿ ವಾಲಿದರೆ ಶೇಕಡಾ 75. 45 ಡಿಗ್ರಿ ವಾಲಿದರೆ ಅರ್ಧ ಮಾತ್ರ.

ತಗಡಿನಂತೆ ಅಲೆ ಅಲೆಯಾಗಿ ಸವೆದ ಮಣ್ಣುರಸ್ತೆಯಲ್ಲಿ ಶಾಕಿಗೆ ನಿಜವಾದ ಅಗ್ನಿಪರೀಕ್ಷೆ. ಅಲೆಗಳು ಒಂದು ಮೀಟರ್ ಅಂತರದಲ್ಲಿದ್ದು ವಾಹನವು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಚಕ್ರಕ್ಕೆ ಸೆಕೆಂಡಿಗೆ 10 ಪೆಟ್ಟುಗಳು. ಇಡಿಯಾದ ಆಕ್ಸಲ್ಲಿನ ಸ್ವಾಭಾವಿಕ ಆವರ್ತಾಂಕವೂ ಹೆಚ್ಚು ಕಡಿಮೆ ಅದೇ ಆಗಿರುವುದರಿಂದ ಅನುರಣನವುಂಟಾಗಿ ಚಕ್ರಗಳು ಕುಣಿಯತೊಡಗುತ್ತವೆ. ಕಾಯ್ದ ಎಣ್ಣೆ ತೆಳುವಾಗಿ, ಗಾಳಿಯೊಡನೆ ನೊರೆಗಟ್ಟಿ, ಶಾಕ್ ನಿಶ್ಶಕ್ತವಾಗುತ್ತದೆ. ಒತ್ತಡದ ನೈಟ್ರೋಜನ್ ತುಂಬಿದ ಶಾಕುಗಳಲ್ಲಿ ನೊರೆ ಕಡಿಮೆ. ಇಂತಹ ರಸ್ತೆಯಲ್ಲಿ ವೇಗವನ್ನು ತುಸು ತಗ್ಗಿಸಿದರೂ ಅನುರಣನ ತಪ್ಪುತ್ತದೆಂಬುದು ಚಾಲಕರು ತಿಳಿದಿರಬೇಕಾದ ಅಂಶ.

ಮುಂದು ಹಿಂದುಗಳ ಹೊಂದಾಣಿಕೆ

1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಓಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಒಂದು ಮಹತ್ತ್ವದ ತತ್ತ್ವವನ್ನು ಪ್ರತಿಪಾದಿಸಿದನು. ಉಬ್ಬನ್ನು ಮುಂಚಕ್ರ ಮೊದಲು ಏರುತ್ತದೆ, ಹಿಂಚಕ್ರ ತುಸು ತಡವಾಗಿ. ಜಿಪ್ಸಿಯ ಎರಡು ಆಕ್ಸಲ್ಲುಗಳ ಅಂತರ 2,375 ಮಿಲಿಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಈ ವಿಳಂಬ ಸೆಕೆಂಡಿನ ಐದನೆಯ ಒಂದು ಭಾಗದಷ್ಟು. ಮುಂದು ಹಿಂದುಗಳ ಆವರ್ತಾಂಕ ಒಂದೇ ಆಗಿದ್ದರೆ, ಅಥವಾ ಮುಂಬದಿಯೇ ಹೆಚ್ಚು ಬಿಗಿಯಾಗಿದ್ದರೆ, ಮುಂಭಾಗ ಇಳಿಯುವಾಗ ಹಿಂಭಾಗ ಏರಿ ವಾಹನ ಏತದಂತೆ ಆಡುತ್ತದೆ. ಹಿಂಬದಿ ತುಸು ಬಿಗಿಯಾಗಿದ್ದರೆ ತಡವಾಗಿ ಹೊರಟ ಅದರ ಆಂದೋಲನ ಮುಂಬದಿಯದನ್ನು ಹಿಡಿದು ಜೊತೆಗೂಡುತ್ತದೆ. ಏತದಾಟವು ಸಮತಟ್ಟಾದ ಏರಿಳಿತವಾಗುತ್ತದೆ. ಏತದಾಟಕ್ಕಿಂತ ಇದನ್ನು ದೇಹ ಸುಲಭವಾಗಿ ಸಹಿಸುತ್ತದೆ.

ಮುಂದೆ ಉಕ್ಕಿನ ಬಂಪರನ್ನೂ ವಿಂಚನ್ನೂ ಹೊರಿಸಿ, ಆ ಭಾರಕ್ಕೆಂದು ಅತಿ ಬಿಗಿಯಾದ ಮುಂದಿನ ಸ್ಪ್ರಿಂಗು ಹಾಕಿಸುವವರು ಈ ಸಮತೋಲವನ್ನು ಕೆಡಿಸುತ್ತಾರೆ. ಭಾರ ಹೆಚ್ಚಿದಷ್ಟೇ ಬಿಗುವು ಹೆಚ್ಚಬೇಕು, ಅದಕ್ಕಿಂತ ಹೆಚ್ಚಲ್ಲ. ಭಾರವನ್ನೇ ಹೇರದಿದ್ದರೆ ಇನ್ನೂ ಲೇಸು.

ಮರೆಯಬಾರದ ಮಿತಿಗಳು

ಎತ್ತರ ಹೆಚ್ಚಿದಂತೆ ಗುರುತ್ವಕೇಂದ್ರವೂ ಏರುತ್ತದೆ. ಎರಡು ಚಕ್ರಗಳ ನಡುವಣ ಅಗಲ 130 ಸೆಂಟಿಮೀಟರ್, ಗುರುತ್ವಕೇಂದ್ರದ ಎತ್ತರ 65 ಸೆಂಟಿಮೀಟರ್ ಎಂದು ಭಾವಿಸಿದರೆ, ಸ್ಪ್ರಿಂಗುಗಳ ಬಾಗುವಿಕೆಯನ್ನು ಲೆಕ್ಕಿಸದೆ, ವಾಹನ ಅಡ್ಡಬೀಳುವ ಇಳಿಜಾರು 45 ಡಿಗ್ರಿ. ಕೇಂದ್ರವನ್ನು 10 ಸೆಂಟಿಮೀಟರ್ ಏರಿಸಿದರೆ ಅದು 41 ಡಿಗ್ರಿಗೆ ಇಳಿಯುತ್ತದೆ. ಮೃದುವಾದ ಸ್ಪ್ರಿಂಗು ತಿರುವಿನಲ್ಲಿ ಹೆಚ್ಚು ವಾಲುವುದರಿಂದ ನಿಜವಾದ ಅಂಚು ಇನ್ನೂ ಕಡಿಮೆ. ಆದಕಾರಣ ಮೃದುತ್ವಕ್ಕೂ ಮಿತಿಯುಂಟು. ಘಾಟಿಯ ತಿರುವುಗಳಲ್ಲಿ ಇದರ ಅರಿವು ಚಾಲಕನಿಗೆ ಸದಾ ಇರತಕ್ಕದ್ದು.

ಬ್ರೇಕಿನ ರಬ್ಬರ್ ನಳಿಕೆಗಳು ಆಕ್ಸಲ್ ಪೂರ್ತಿ ಜೋತಾಡಿದಾಗಲೂ ಜಗ್ಗದಷ್ಟು ಉದ್ದವಾಗಿರಬೇಕು. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿದರೆ ಅದರ ಅದುರಾಟವನ್ನೇ ಕೆಲವರು ಸ್ಪ್ರಿಂಗಿನ ದೋಷವೆಂದು ಭ್ರಮಿಸುತ್ತಾರೆ. ಯು-ಬೋಲ್ಟುಗಳನ್ನು ಬಿಚ್ಚಿದಾಗಲೆಲ್ಲ ಹೊಸದನ್ನೇ ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಕಾನೂನಿನ ಮಾತನ್ನೂ ಇಲ್ಲಿ ಹೇಳುವುದು ಕರ್ತವ್ಯ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶನಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಗೆ ಇಳಿಯುವ ವಾಹನವನ್ನು ಎತ್ತರಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ. ಗಾಳಿ, ಗ್ರೀಸ್, ಬುಷ್‌ಗಳಿಗೆ ಸಂಬಂಧಿಸಿ ಮೇಲೆ ಹೇಳಿದ ಉಪಾಯಗಳಿಗೆ ಇಂತಹ ಯಾವ ಅಡ್ಡಿಯೂ ಇಲ್ಲ. ಎತ್ತರಿಸದ ಜೀಪಿಗೂ ಅವು ಅಷ್ಟೇ ಹಿತಕರ.

ಉಪಸಂಹಾರ

ಒಟ್ಟಾರೆ ಹೇಳುವುದಾದರೆ ಸುಧಾರಣೆಯ ಕ್ರಮ ಹೀಗಿರಬೇಕು: ಮೊದಲು ಟೈರಿನ ಗಾಳಿ, ಆಮೇಲೆ ಪಟ್ಟಿಗಳ ಶುಚಿ ಮತ್ತು ಬುಷ್‌ಗಳ ಜೋಡಣೆ, ಅನಂತರ ಶಾಕಿನ ಉದ್ದ ಮತ್ತು ಬಂಪ್ ರಬ್ಬರಿನ ಸ್ಥಾನ, ಕಟ್ಟಕಡೆಗೆ ಹೊಸ ಸ್ಪ್ರಿಂಗು ಮತ್ತು ಅದಕ್ಕೊಪ್ಪುವ ಶಾಕ್. ಮೊದಲ ಎರಡಕ್ಕೆ ಬೇಕಾದುದು ಹೆಚ್ಚಾಗಿ ಶ್ರಮ, ಕೊನೆಯವಕ್ಕೆ ಹಣ. ಜನ ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಹಣ ವ್ಯಯವಾಗಿಯೂ ಕುಲುಕಾಟ ಉಳಿಯುತ್ತದೆ.

ಎತ್ತರದಲ್ಲಿ ನಿಂತ ವಾಹನ ಬಿಗಿಯಾಗಿಯೇ ಇರಬೇಕೆಂಬ ನಿಯಮವನ್ನು ಪ್ರಕೃತಿ ವಿಧಿಸಿಲ್ಲ. ಬಿಗುವಿನಿಂದ ಎತ್ತರವನ್ನು ಕೊಂಡವರಿಗೆ ಮಾತ್ರ ಆ ಕಷ್ಟ. ಬಾಗಿನಿಂದ ಎತ್ತರವನ್ನೂ, ಭಾರಕ್ಕೆ ತಕ್ಕ ಬಿಗುವನ್ನೂ, ಚಲನೆಗೆ ತಕ್ಕ ಅವಕಾಶವನ್ನೂ ಒದಗಿಸಿದ ಜೀಪು ಕಲ್ಲುಹಾದಿಯನ್ನು ದಾಟುವುದಲ್ಲದೆ ತನ್ನೊಳಗಿನವರನ್ನೂ ನೋಯಿಸದೆ ದಾಟಿಸುತ್ತದೆ. ವಾಹನವನ್ನು ಎತ್ತರಿಸ ಹೊರಟವರು ಮೊದಲು ಹಿಂಬದಿಯ ಬೆಂಚಿನಲ್ಲಿ ತಾವೇ ಕುಳಿತು ಹತ್ತು ಮೈಲಿ ಹೋಗಿಬರಲಿ. ಎಲ್ಲಿಂದ ಆರಂಭಿಸಬೇಕೆಂಬುದನ್ನು ಆ ಬೆಂಚೇ ತಿಳಿಸುತ್ತದೆ.